ಮಂದೆಗೆಲ್ಲ ಒಂದೇ ಮದ್ದು

ಬಂಡೆಹಟ್ಟಿ, ನಲ್ಲಂಪಳ್ಳಿ ಅಂಚೆ
9-6-1997

ಯಜಮಾನರಿಗೆ ಭಾಗ್ಯಲಕ್ಷ್ಮಿಯ ನಮಸ್ಕಾರ.

ನೀವು ರೈಲು ಹತ್ತಿ ಎಂಟು ದಿನವಾಯಿತು. ಇಲ್ಲಿ ಎಲ್ಲರೂ ಉಂಡು ತಿಂದು ಓಡಾಡಿಕೊಂಡಿದ್ದೇವೆ, ಆ ಚಿಂತೆ ಬೇಡ. ನೀವು ಹೋಗಿ ತಲುಪಿದ ಸುದ್ದಿ ಮಾತ್ರ ಬಂದಿಲ್ಲ. ನಿಮ್ಮ ಅಮ್ಮ ದಿನಕ್ಕೆ ಎರಡು ಸಲ "ಕಾಗ್ದ ಬಂತಾ?" ಅನ್ನುತ್ತಾರೆ. ಬಂದರೂ ಓದಿ ಹೇಳಬೇಕಾದವಳು ನಾನೇ ತಾನೆ. ಈ ಊರಲ್ಲಿ ನಮ್ಮವರೆಲ್ಲ ಆಡುವುದು ಕನ್ನಡ, ಇಸ್ಕೂಲಿನಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ಬರುವುದು ನನ್ನ ತವರೂರು ತಳಿಯ ಕಡೆ ಕನ್ನಡ ಇಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿ ಬಂದ ನನಗೆ, ಮದುವೆಯಾದ ವರ್ಷ ನನ್ನ ಮುಂದೆ ಸ್ಲೇಟು ಹಿಡಿದು ಕೂತ ನಿಮಗೆ, ಇಬ್ಬರಿಗೇ. ಪೋಸ್ಟ್‌ಮ್ಯಾನ್ ಪಳನಿಸ್ವಾಮಿ ನಿಮ್ಮ ಹಳೆಯ ಇನ್‌ಲೆಂಡ್ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ, "ಎನ್ನಮ್ಮಾ ಇದು, ಎಲ್ಲಾಮೇ ಜಿಲೇಬಿ ಮಾದಿರಿ ಇರುಕ್ಕು" ಎಂದು, ಅಕ್ಷರವೆಲ್ಲ ಜಿಲೇಬಿ ಹಾಗಿದೆ ಅಂತ ನಕ್ಕಿದ್ದ. ನಗಲಿ. ಮಿಲಿಟರಿಯಲ್ಲಿ ಹದಿನೈದು ವರ್ಷ ಇದ್ದು ಬಂದವನಿಗೂ ನಮ್ಮ ಕಾಗದ ಓದಲು ಬರುವುದಿಲ್ಲ ಅನ್ನುವುದು ನನಗೆ ಸಮಾಧಾನ.

ಟಿ.ಬಿ. ಅಂತ ನಾಲ್ಕು ತಿಂಗಳು ಪುಣೆ ಆಸ್ಪತ್ರೆಯಲ್ಲಿದ್ದು, ಎರಡು ತಿಂಗಳ ರಜಕ್ಕೆ ಬಂದಾಗ ನಿಮ್ಮ ಕೆನ್ನೆ ಗುಳಿ ಬಿದ್ದಿತ್ತು. ಹೋಗುವಾಗ ಪರವಾಗಿಲ್ಲ, ಕೆನ್ನೆ ತುಂಬಿತ್ತು. ಡಾಕ್ಟರು ಕೊಟ್ಟು ಕಳಿಸಿದ್ದ ಮಾತ್ರೆಯ ಡಬ್ಬಿ ಖಾಲಿಯಾಗಿದೆ, ಒಂದೂ ಹಾಳಾಗಲಿಲ್ಲ. ನುಂಗಿದರೆ ವಾಂತಿ ಬರುತ್ತೆ ಅಂತ ನೀವು ರಂಪ ಮಾಡಿದ್ದಕ್ಕೆ ಅತ್ತೆ ಅದನ್ನು ಅರೆದು ಅಂಬಲಿಗೆ ಬೆರೆಸಿ ಕೊಟ್ಟರಲ್ಲ, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಅರ್ಧ ಮಾತ್ರೆ ತಿಪ್ಪೆಗೆ ಹೋಗುತ್ತಿತ್ತು.

ರಾಧಾ ನಿಮ್ಮ ಹಳೆಯ ಟೋಪಿ ಹಾಕಿಕೊಂಡು ಕುರಿಗಳಿಗೆ ಪರೇಡು ಮಾಡಿಸುತ್ತಾಳೆ. ನಾಲ್ಕು ವರ್ಷಕ್ಕೇ ಈ ಗತ್ತು. ಕುರಿಗಳು ನಿಮ್ಮಷ್ಟು ವಿಧೇಯವಾಗಿಲ್ಲ.

ಭಾಗ್ಯ

*

ಕೇರ್ ಆಫ್ 56 ಎ.ಪಿ.ಓ. (ಮಿಲಿಟರಿ ಅಂಚೆ)
28-7-1997

ಭಾಗ್ಯ,

ಕಾಗದ ಸಿಕ್ಕಿತು. ತಡವಾಯಿತು, ಬೈಯಬೇಡ. ನನಗೆ ಈಗ ಲಾರಿ ಕೊಟ್ಟಿಲ್ಲ. ಸ್ಟೋರಿನಲ್ಲಿ ಟೈರು, ಟ್ಯೂಬು ಎಣಿಸುವ ಕೆಲಸ. ಡಿಸೆಂಬರಿನಲ್ಲಿ ಮೆಡಿಕಲ್ ಬೋರ್ಡ್ ಇದೆ. ಎದೆ ಫೋಟೋ ಚೆನ್ನಾಗಿ ಬಂದರೆ ಮತ್ತೆ ಸ್ಟಿಯರಿಂಗ್, ಇಲ್ಲವಾದರೆ ಪೆಟ್ಟಿಗೆ ಕಟ್ಟಿಸಿ ಮನೆಗೆ ಕಳಿಸುತ್ತಾರೆ. ಹತ್ತು ವರ್ಷ ಲಾರಿ ಓಡಿಸಿದವನು ಟೈರು ಎಣಿಸುತ್ತಾ ಕೂತರೆ ಜೊತೆಯವರಿಗೆ ತಮಾಷೆ.

ಸ್ವಲ್ಪ ಕೆಮ್ಮು ಇದೆ. ಇಲ್ಲಿ ಒಂದೇ ಸಮ ಮಳೆ, ಎಲ್ಲರಿಗೂ ಇದೆ. ಅಮ್ಮನಿಗೆ ಹೇಳಬೇಡ.

ಆ ಟೋಪಿಯನ್ನು ಕುರಿಗೆ ಹಾಕದ ಹಾಗೆ ನೋಡಿಕೋ, ಅದು ಸರ್ಕಾರದ್ದು.

ಗೋವಿಂದರಾಜ್

*

ಬಂಡೆಹಟ್ಟಿ
20-8-1997

ಯಜಮಾನರಿಗೆ,

ಎಲ್ಲರಿಗೂ ಇರುವ ಕೆಮ್ಮು ನಿಮಗೆ ಯಾಕೆ ಬೇಕಿತ್ತು? ಡಾಕ್ಟರಿಗೆ ತೋರಿಸಿ. ತೋರಿಸಿದೆ ಅಂತ ಬರೆಯಿರಿ, ತೋರಿಸುತ್ತೇನೆ ಅಂತ ಅಲ್ಲ. ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳುವಾಗ ಕೆಮ್ಮನ್ನು ಬಿಟ್ಟು ಅದರ ಜಾಗಕ್ಕೆ "ದಿನಾ ಮೊಟ್ಟೆ ಕೊಡುತ್ತಾರೆ" ಅಂತ ಸೇರಿಸಿದೆ. ಮುಂದಿನ ಸಲ ಅವರು ಮೊಟ್ಟೆ ವಿಷಯ ಕೇಳಿದರೆ ನೀವೂ ಹೌದು ಅನ್ನಬೇಕು.

ಇನ್ನೊಂದು ಮಾತು. ರಾಧಾಳ ಕತ್ತಿನಲ್ಲಿ ಹುಣಸೆ ಬೀಜದಷ್ಟು ಒಂದು ಗಂಟು ಬಂದಿದೆ. ನೋವಿಲ್ಲ. ಅತ್ತೆ ಸುಣ್ಣ ಬೆಲ್ಲ ಕಲಸಿ ಹಚ್ಚಿದ್ದಾರೆ. ನಲ್ಲಂಪಳ್ಳಿ ಕಾಂಪೌಂಡರು "ಹಲ್ಲು ಹುಳುಕಾದರೆ ಇಂಥದ್ದು ಬರುತ್ತೆ" ಅಂದ. ಹಲ್ಲು ಹುಳುಕಿದೆ, ನಿಜ. ಬೆಲ್ಲ ಕದಿಯುವುದರಲ್ಲಿ ನಿಮ್ಮ ಮಗಳೇ.

ಭಾಗ್ಯ

*

ಮಿಲಿಟರಿ ಆಸ್ಪತ್ರೆ, ಪುಣೆ
3-10-1997

ಭಾಗ್ಯ,

ವಿಳಾಸ ನೋಡಿ ಗಾಬರಿಯಾಗಬೇಡ. ಸೆಪ್ಟೆಂಬರಿನಲ್ಲಿ ಮತ್ತೆ ಇಲ್ಲಿಗೆ ಕಳಿಸಿದರು. ಕಫದಲ್ಲಿ ರೋಗದ ಹುಳ ಮತ್ತೆ ಕಂಡಿದೆ. ಇಲ್ಲಿಯ ಡಾಕ್ಟರು ಒಬ್ಬ ಮೇಜರ್ ಮೇಡಂ, ಕಟ್ಟುನಿಟ್ಟಿನವರು. "ರಜದಲ್ಲಿ ಎಷ್ಟು ದಿನ ಮಾತ್ರೆ ಬಿಟ್ಟೆ?" ಎಂದು ಮೂರು ಸಲ ಕೇಳಿದರು. ಒಂದು ದಿನವೂ ಬಿಟ್ಟಿಲ್ಲ ಎಂದು ನನ್ನ ತಾಯಿ ಮೇಲೆ ಆಣೆ ಮಾಡಿದೆ. "ಹಾಗಾದರೆ ಆ ಮದ್ದು ನಿನ್ನ ಮೈಗೆ ಹಿಡಿಯುತ್ತಿಲ್ಲ" ಎಂದು ಬರೆದುಕೊಂಡರು. ಈಗ ಬೇರೆ ಮದ್ದು, ದಿನಾ ಇಂಜೆಕ್ಷನ್. ಕಿವಿಯಲ್ಲಿ ಗುಂಯ್ ಅನ್ನುತ್ತದೆ.

ಮುಖ್ಯ ವಿಷಯ ಕೇಳು. ಆರ್ಮಿಯಲ್ಲಿ ಹೊಸ ಆರ್ಡರ್ ಬಂದಿದೆ. ಟಿ.ಬಿ. ಇರುವವರ ಮನೆಯವರೆಲ್ಲ ಮಿಲಿಟರಿ ಆಸ್ಪತ್ರೆಗೆ ಹೋಗಿ ಎದೆ ಫೋಟೋ ತೆಗೆಸಿ ರಕ್ತ ಕೊಡಬೇಕು. ನಿಮಗೆ ಬೆಂಗಳೂರು ಹತ್ತಿರ. ಚೀಟಿ ಇದರ ಜೊತೆ ಇಟ್ಟಿದ್ದೇನೆ. ಫೋಟೋ ಅಂಟಿಸಿದ ಫ್ಯಾಮಿಲಿ ಕಾರ್ಡ್ ಮರೆಯಬೇಡ. ನೀನು ರಾಧಾಳನ್ನು ಕರೆದುಕೊಂಡು ಈ ತಿಂಗಳೇ ಹೋಗು. ರಕ್ತ ಕೊಡದೆ ಬರಬೇಡ. ನಿನ್ನದು ಕಡ್ಡಾಯ. ಯಾಕೆ ಏನು ಎಂದು ಕೇಳುತ್ತಾ ಕೂರಬೇಡ, ಆರ್ಡರ್ ಅಂದರೆ ಆರ್ಡರ್.

ಗೋವಿಂದರಾಜ್

*

ಬಂಡೆಹಟ್ಟಿ
30-10-1997

ಯಜಮಾನರಿಗೆ,

ಚೀಟಿ ಬಂತು. ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅಷ್ಟು ಮದ್ದು ಕುಡಿದೂ ಮತ್ತೆ ಹೇಗೆ ಬಂತು? ಬೇರೆ ಮದ್ದು ಅಂದರೆ ಹಿಡಿಯುತ್ತದಂತಾ?

ಬೆಂಗಳೂರಿಗೆ ಈಗಲೇ ಹೊರಡಲು ಆಗುವುದಿಲ್ಲ. ಉಣ್ಣೆ ಕತ್ತರಿಸುವವರು ಬರುವ ಕಾಲ. ಅತ್ತೆಗೆ ಮಂಡಿ ನೋವು, ಅರವತ್ತು ಕುರಿ ಅವರೊಬ್ಬರ ಮೇಲೆ ಬಿಟ್ಟು ಹೋಗುವುದು ಹೇಗೆ? ಆಮೇಲೆ ಮಳೆ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಎದೆ ಫೋಟೋ ಅಂದರೆ ಒಪ್ಪಬಹುದು. ಟಿ.ಬಿ.ಗೆ ರಕ್ತ ಯಾಕೆ? ಧರ್ಮಪುರಿ ಆಸ್ಪತ್ರೆಯಲ್ಲಿ ಬರೀ ಕಫ ಕೇಳುತ್ತಾರೆ. ಪಳನಿಸ್ವಾಮಿಯನ್ನು ಸುಮ್ಮನೆ ಕೇಳಿದೆ, ನಿಮ್ಮ ಸುದ್ದಿ ಎತ್ತಲಿಲ್ಲ. ಅವನು ಮೀಸೆ ತಿರುವಿಕೊಂಡು, "ಮಿಲಿಟರಿ ಬ್ಲಡ್ ಟೆಸ್ಟ್‌ನಾ ಸುಮ್ಮಾವಾ? ಆರು ತಿಂಗ್ಳ ಇಂದೆ ಏನ್ ತಿಂದಿದ್ರೂ ಕಂಡೋಗ್ತೈತೆ. ಸಾರಾಯಿ, ಮಾತ್ರೆ, ಎಲ್ಲಾ. ಸರ್ಕಾರದ ಸಾಮಾನು ಮುಟ್ಟಿದ್ರೆ ಅಷ್ಟೇ, ಕೋರ್ಟ್ ಮಾರ್ಷಲ್" ಅಂದ. ನಿಜವಾ?

ಗಂಟು ಈಗ ಗೋಲಿಯಷ್ಟಾಗಿದೆ.

ಭಾಗ್ಯ

*

ಮಿಲಿಟರಿ ಆಸ್ಪತ್ರೆ, ಪುಣೆ
25-11-1997

ಭಾಗ್ಯ,

ಪಳನಿಸ್ವಾಮಿ ಆರ್ಮಿಯಲ್ಲಿ ಅಡುಗೆಭಟ್ಟನಾಗಿದ್ದ. ಅವನು ಡಾಕ್ಟರಾದದ್ದು ಯಾವಾಗ? ಊರಿನ ಪೋಸ್ಟ್‌ಮ್ಯಾನ್ ಹತ್ತಿರ ರಕ್ತದ ವಿಷಯ ಕೇಳುವ ಬುದ್ಧಿ ನಿನಗೆ ಯಾರು ಕೊಟ್ಟರು? ಅವನು ನಿನಗೆ ಇನ್ನೇನು ಹೇಳಿದ? ಏನೋ ಹೇಳಿದ್ದಾನೆ, ಅದಕ್ಕೇ ನೀನು ಹೋಗುತ್ತಿಲ್ಲ.

ಮಳೆಯಂತೆ, ಉಣ್ಣೆಯಂತೆ. ಕುರಿ ನೋಡಿಕೊಳ್ಳಲು ನಿಮಗೆ ಪುರುಸೊತ್ತಿದೆ, ಮಗಳ ಕತ್ತು ನೋಡಲು ಇಲ್ಲ. ಮೇಜರ್ ಮೇಡಂ ವಾರಕ್ಕೊಮ್ಮೆ ನನ್ನ ಮುಂದೆ ನಿಂತು "ನಿನ್ನ ಹೆಂಡತಿ ಬೆಂಗಳೂರಿಗೆ ಹೋದಳಾ?" ಎನ್ನುತ್ತಾರೆ. ಮುಂದಿನ ವಾರ ಹೋಗುತ್ತಾಳೆ ಎನ್ನುತ್ತೇನೆ.

ಬೋರ್ಡ್ ಮುಂದಕ್ಕೆ ಹೋಗಿದೆ. ತೂಕ ನಲವತ್ತೆಂಟಕ್ಕೆ ಇಳಿದಿದೆ. ಮತ್ತೆ ಹೇಳುತ್ತೇನೆ, ಹೋಗು.

ಗೋವಿಂದರಾಜ್

*

ಬಂಡೆಹಟ್ಟಿ
6-1-1998

ಯಜಮಾನರಿಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ನಿಮ್ಮ ಕಾಗದದಲ್ಲಿ ಬೈಗುಳ ಬಿಟ್ಟರೆ ಏನೂ ಇಲ್ಲ. ಮೊದಲೆಲ್ಲ ಹೀಗೆ ಬರೆಯುತ್ತಿರಲಿಲ್ಲ. ಅಲ್ಲಿ ಬೇರೆ ಯಾರಾದರೂ ಇದ್ದಾರಾ, ನಮ್ಮ ಮೇಲಿನ ಮನಸ್ಸು ಮುರಿದಿದೆಯಾ ಅಂತಲೂ ಯೋಚಿಸಿದೆ. ಯೋಚಿಸಿ ಕಣ್ಣೀರು ಹಾಕಿದೆ. ಈಗ ಅದು ಬೇಡ.

ರಾಧಾಗೆ ಹದಿನೈದು ದಿನದಿಂದ ಸಂಜೆಯಾದರೆ ಮೈ ಬಿಸಿ. ಪರೇಡು ನಿಂತಿದೆ. ಮೂಲೆಯಲ್ಲಿ ಕೂತು ಮರಿ ಕುರಿಯ ಕಿವಿ ಹಿಡಿದುಕೊಂಡಿರುತ್ತಾಳೆ. ಗಂಟು ಒಂದಿದ್ದದ್ದು ಮೂರಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನನ್ನು ಏನು ಬೇಕಾದರೂ ಮಾಡಿ.

ನೀವು ತಾಯಿ ಮೇಲೆ ಇಟ್ಟ ಆಣೆ ಸುಳ್ಳು. ಸುಳ್ಳು ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ಮಾತ್ರೆ ನೀವೊಬ್ಬರೇ ತಿನ್ನಲಿಲ್ಲ. ಎರಡು ತಿಂಗಳೂ ಅತ್ತೆ ಆ ದಿನದ ಕೆಂಪು ಕ್ಯಾಪ್ಸೂಲು ಬಿಡಿಸಿ, ಬಿಳಿ ಮಾತ್ರೆ ಅರೆದು, ನಿಮ್ಮ ಬಟ್ಟಲಿಗೆ ಹಾಕುತ್ತಿರಲಿಲ್ಲ. ಅಂಬಲಿ ಗಡಿಗೆಗೇ ಹಾಕುತ್ತಿದ್ದರು. ನಾವು ನಾಲ್ವರೂ ಅದೇ ಗಡಿಗೆಯ ಅಂಬಲಿ ಕುಡಿದೆವು. ನೀವು, ನಾನು, ಅತ್ತೆ, ಮಗು. ನಾನು ಮೊದಲ ದಿನವೇ "ಅತ್ತೆಮ್ಮಾ, ಇದು ಅವರಿಗೆ ಕೊಟ್ಟಿರೋದು" ಅಂದೆ. ಅವರು ನನ್ನ ಮೇಲೇ ರೇಗಿದರು. "ಒಂದು ಕುರಿ ಕೆಮ್ಮಿದ್ರೆ ಅದೊಂದಕ್ಕೇ ಮದ್ದು ಉಯ್ತೀವಾ? ಮಂದೆಗೆಲ್ಲಾ ಉಯ್ಯಲ್ವಾ? ಇವ್ನ್ ಮಗ್ಗುಲಲ್ಲಿ ನೀನ್ ಮಲಗ್ತೀಯ, ಮೊಗ ಇವ್ನ ತೊಡೆ ಬಿಟ್ಟು ಇಳಿಯಲ್ಲ. ನಾಳೆ ನಿಮಗ್ ಬಂದ್ರೆ ಆ ಡಾಕ್ಟ್ರು ಬತ್ತಾನಾ?" ಅಂದರು. ನನಗೂ ಸರಿ ಅನ್ನಿಸಿತು. ನಿಮಗೆ ಹೇಳಬೇಡ ಅಂದರು, ಹೇಳಲಿಲ್ಲ.

ನಾಲ್ಕನೇ ದಿನಕ್ಕೆ ಮಗುವಿನ ಉಚ್ಚೆ ಕೆಂಪಗೆ ಬಂತು. ನಾನು ಹೆದರಿ ಓಡಿದೆ. ಅತ್ತೆ "ಮದ್ದು ಕೆಲ್ಸ ಮಾಡ್ತಾ ಐತೆ" ಅಂದರು.

ಆಮೇಲೆ ನಿಮಗೆ ಮತ್ತೆ ರೋಗ ಬಂತು, ರಕ್ತ ಕೊಡು ಅಂತ ಚೀಟಿ ಬಂತು. ರಕ್ತದಲ್ಲಿ ಆ ಮಾತ್ರೆ ಸಿಕ್ಕಿಬಿಟ್ಟರೆ ಸರ್ಕಾರದ ಮದ್ದು ಮನೆಯವರೆಲ್ಲ ಹಂಚಿ ತಿಂದರು ಅಂತ ನಿಮ್ಮ ಕೆಲಸ ಹೋಗುತ್ತದೆ, ನನ್ನಿಂದ ಗಂಡ ಜೈಲು ಸೇರುತ್ತಾನೆ ಅಂದುಕೊಂಡೆ. ಅದಕ್ಕೇ ಹೋಗಲಿಲ್ಲ. ಮಳೆಯೂ ಅಲ್ಲ, ಉಣ್ಣೆಯೂ ಅಲ್ಲ. ಮೂರು ತಿಂಗಳು ಮಗುವನ್ನು ಮನೆಯಲ್ಲಿಟ್ಟುಕೊಂಡು ಸುಣ್ಣ ಬಳಿದೆ.

ಈ ಕಾಗದವನ್ನು ಡಾಕ್ಟರಮ್ಮನಿಗೆ ತೋರಿಸಿ. ಶಿಕ್ಷೆ ಇದ್ದರೆ ನನಗೆ ಕೊಡಲಿ. ಅತ್ತೆಗೆ ಬೇಡ, ಅವರಿಗೆ ಅರವತ್ತೆಂಟು. ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ ಅಂತ ಬೇಗ ಬರೆಯಿರಿ.

ಭಾಗ್ಯ

*

ಮಿಲಿಟರಿ ಆಸ್ಪತ್ರೆ, ಪುಣೆ
17-1-1998
ರಿಜಿಸ್ಟರ್ ಪತ್ರ

ಭಾಗ್ಯ,

ತಂತಿ ಕೊಟ್ಟಿದ್ದೇನೆ, ಅದು ಇದಕ್ಕಿಂತ ಮೊದಲು ಸಿಕ್ಕಿರುತ್ತದೆ. ಬೆಂಗಳೂರಿಗೆ ಇನ್ನೂ ಹೊರಡದಿದ್ದರೆ ಈ ಕಾಗದ ಓದಿ ಮುಗಿಸಿದ ಕೂಡಲೇ ಹೊರಡು. ಅಮ್ಮನನ್ನೂ ಕರೆದುಕೊಂಡು ಹೋಗು. ಯಾರಿಗೂ ಶಿಕ್ಷೆ ಇಲ್ಲ. ಮಾತ್ರೆ ತಿಂದದ್ದಕ್ಕೆ ಯಾರನ್ನೂ ಹಿಡಿಯುವುದಿಲ್ಲ. ಪಳನಿಸ್ವಾಮಿ ಸಾಂಬಾರು ಮಾತ್ರ ಬಲ್ಲ.

ನಿನ್ನ ಕಾಗದವನ್ನು ಮೇಜರ್ ಮೇಡಂಗೆ ಹಿಂದಿಯಲ್ಲಿ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ನನ್ನ ಫೈಲು ತರಿಸಿ "ಮದ್ದು ಹಿಡಿಯುತ್ತಿಲ್ಲ" ಎಂದು ಬರೆದದ್ದರ ಮೇಲೆ ಗೀಟು ಎಳೆದರು. ಕಾಲು ಪಾಲು ಮದ್ದಿಗೆ ಹುಳ ಸಾಯುವುದಿಲ್ಲ, ಗಟ್ಟಿಯಾಗುತ್ತದೆ ಎಂದರು. ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದಾರೆ. ಯಾವ ಮದ್ದು ಇನ್ನೂ ಹಿಡಿಯುತ್ತದೆ ಎಂದು ತಿಳಿದ ಮೇಲೆ ಮೊದಲಿನಿಂದ ಶುರು ಮಾಡುತ್ತಾರಂತೆ. ನಾನು ಇಷ್ಟು ದಿನ ನನ್ನ ಕಥೆ ಮುಗಿಯಿತು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳುತ್ತೇನೆ.

ಹೊಸ ಆರ್ಡರ್ ಯಾವುದೂ ಬಂದಿಲ್ಲ. ಅದು ನಾನು ಕಟ್ಟಿದ ಸುಳ್ಳು, ಚೀಟಿ ಮಾತ್ರ ಮೇಡಂ ಕೊಟ್ಟದ್ದು. ಸೆಪ್ಟೆಂಬರಿನಲ್ಲಿ ನನ್ನ ರಕ್ತ ನೋಡಿದರು. ನನಗೆ ಎಚ್‌ಐವಿ ಇದೆ. ಗೋಡೆ ಮೇಲೆ ಏಡ್ಸ್ ಅಂತ ಬರೆದಿರುತ್ತಾರಲ್ಲ, ಅದನ್ನು ತರುವ ವೈರಸ್ಸು. ಎರಡು ವರ್ಷದ ಹಿಂದೆ ನಮ್ಮ ಲಾರಿಗಳ ಕಾನ್ವಾಯ್ ಒಂದು ಊರಿನಲ್ಲಿ ಹತ್ತು ದಿನ ನಿಂತಿತ್ತು. ರಸ್ತೆ ಕುಸಿದಿತ್ತು. ಅಲ್ಲಿ ಒಬ್ಬಳ ಹತ್ತಿರ ಹೋದೆ. ಎರಡು ಸಲ. ಯಾರೂ ಎಳೆದುಕೊಂಡು ಹೋಗಲಿಲ್ಲ, ನಾನೇ ಹೋದೆ. ಆಮೇಲೆ ರಜಕ್ಕೆ ಬಂದೆ, ನಿನ್ನ ಪಕ್ಕ ಮಲಗಿದೆ. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ನಿಜ, ಆದರೆ ಅದರಿಂದ ನಿನಗೇನು ಉಪಯೋಗ?

ಮೇಡಂ ಮೊದಲ ದಿನವೇ ಹೇಳಿದರು, "ನಿನ್ನ ಹೆಂಡತಿಗೆ ನಾನು ಹೇಳುವುದಿಲ್ಲ, ನೀನು ಹೇಳಬೇಕು, ಬೇಗ ಹೇಳಬೇಕು." ನಾಲ್ಕು ತಿಂಗಳು ನನ್ನಿಂದ ಆಗಲಿಲ್ಲ. ಹೆದರಿಕೆ ಸಾವಿನದ್ದಲ್ಲ. ನೀನು ರಾಧಾಳನ್ನು ಎತ್ತಿಕೊಂಡು ತಳಿಗೆ ಹೊರಟುಹೋಗುತ್ತೀಯ ಅಂತ. ನಿನ್ನ ರಕ್ತದಲ್ಲಿ ಏನೂ ಇಲ್ಲದಿದ್ದರೆ ಹೇಳದೆಯೇ ಇದ್ದುಬಿಡಬಹುದು ಎಂದೂ ಲೆಕ್ಕ ಹಾಕಿದೆ. ಅಷ್ಟು ಕೀಳಾಗಿದ್ದೇನೆ.

ಇದಕ್ಕೆ ಸುಲಭವಾಗಿ ಸಿಗುವ ಮದ್ದು ಈಗ ಇಲ್ಲ. ಆದರೆ ಟಿ.ಬಿ. ವಾಸಿಯಾದರೆ ವರ್ಷಗಟ್ಟಲೆ ಬಾಳಬಹುದು ಎಂದು ಮೇಡಂ ಹೇಳುತ್ತಾರೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಇದನ್ನು ಅಮ್ಮನಿಗೆ ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ನನ್ನನ್ನು ಬಿಟ್ಟರೂ ಸರಿ, ರಕ್ತ ಕೊಡು. ಮಗುವಿನದ್ದನ್ನೂ ಕೊಡಿಸು.

ಗೋವಿಂದರಾಜ್

*

ಬೆಂಗಳೂರು
11-2-1998

ಬಂದಿದ್ದೇವೆ. ಹತ್ತು ದಿನದಿಂದ ಇಲ್ಲೇ ಇದ್ದೇವೆ. ಮೂವರೂ.

ಮೊದಲು ಮಗುವಿನದ್ದು ಹೇಳುತ್ತೇನೆ. ಕತ್ತಿನ ಗಂಟಿಗೆ ಸೂಜಿ ಚುಚ್ಚಿ ನೋಡಿದರು. ಟಿ.ಬಿ. ಆರು ತಿಂಗಳು ಮಾತ್ರೆ, ವಾಸಿಯಾಗುತ್ತದೆ ಅಂದರು. ಜ್ವರ ಆಗಲೇ ಇಳಿದಿದೆ. ಅವಳ ರಕ್ತದಲ್ಲಿ ಆ ವೈರಸ್ಸು ಇಲ್ಲ. ಅತ್ತೆಯ ಎದೆ ಚೊಕ್ಕವಾಗಿದೆ, ನಮ್ಮೆಲ್ಲರಿಗಿಂತ ಗಟ್ಟಿ.

ನನ್ನ ಎದೆಯಲ್ಲೂ ಏನಿಲ್ಲ. ರಕ್ತದಲ್ಲಿ ಇದೆ.

ಡಾಕ್ಟರು ಹಿಂದಿಯಲ್ಲಿ ಹೇಳಿದರು, ನರ್ಸಮ್ಮ ತಮಿಳಿನಲ್ಲಿ ಹೇಳಿದಳು. ಅವಳು ಬಾಯಿ ಬಿಡುವ ಮುಂಚೆಯೇ ಮುಖ ನೋಡಿ ನನಗೆ ಗೊತ್ತಾಯಿತು. ಅಳು ಬರಲಿಲ್ಲ. ಸಿಟ್ಟು ಬಂತು. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕೂತಿದ್ದ ಬೆಂಚಿನ ಹಲಗೆ ಕಿತ್ತು ಬೀಸಬೇಕು ಅನ್ನಿಸಿತು. ಈಗಲೂ ಇದೆ. ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹೋಗದೆಯೂ ಇರಬಹುದು. ನಾನು ಗಡಿಗೆ ಅಂಬಲಿಗೆ ಹೆದರಿ ಸಾಯುತ್ತಿದ್ದೆ, ನೀವು ಅಲ್ಲಿ ಕೂತು ಆರ್ಡರ್ ಹೊರಡಿಸುತ್ತಿದ್ದಿರಿ. ಥೂ.

ಅತ್ತೆಗೆ ನಾನೇ ಹೇಳಿದೆ. ಆಸ್ಪತ್ರೆ ಕಾಂಪೌಂಡಿನ ಮರದ ಕೆಳಗೆ ಕೂರಿಸಿಕೊಂಡು ಒಂದೂ ಬಿಡದೆ ಹೇಳಿದೆ, ಈ ಸಲ ಮೊಟ್ಟೆ ಸೇರಿಸಲಿಲ್ಲ. ಆಮೇಲೆ "ನನ್ ಒಟ್ಟೇಲಿ ಉಟ್ಟಿದ್ದು ಇಂಗ್ ಮಾಡ್ತಾ" ಅಂದು ಎದೆ ಎದೆ ಬಡಿದುಕೊಂಡರು. ನಾನೇ ಕೈ ಹಿಡಿದು ನಿಲ್ಲಿಸಬೇಕಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ನನಗೊಂದು ಎಳನೀರು ತಂದರು. "ಕುಡಿ. ತಳಿಗ್ ಓಗ್ತೀನಿ ಅಂದ್ರೆ ನಾನೂ ಬತ್ತೀನಿ. ಕುರಿ ಮಾರಾಕ್ತೀನಿ" ಅಂದರು. ನಿಮ್ಮ ಅಮ್ಮ ಅಂದದ್ದು ಇದು. ಕೇಳಿಸಿಕೊಳ್ಳಿ.

ನಾನು ತಳಿಗೆ ಹೋಗುವುದಿಲ್ಲ. ಮಗುವಿನ ಮಾತ್ರೆ ಮುಗಿಯುವವರೆಗೆ ತಿಂಗಳಿಗೊಮ್ಮೆ ಇಲ್ಲಿಗೆ ಬರಬೇಕು. ನನ್ನನ್ನೂ ಮೂರು ತಿಂಗಳಿಗೊಮ್ಮೆ ನೋಡುತ್ತಾರಂತೆ, ಕೆಮ್ಮು ಜ್ವರ ಬಂದರೆ ಕೂಡಲೇ ಬಾ ಅಂದಿದ್ದಾರೆ. ನೀವು ನಿಮ್ಮ ಮದ್ದು ಮುಗಿಸಿ ಬನ್ನಿ. ಅರ್ಧಕ್ಕೆ ಬಿಟ್ಟು ಬಂದರೆ ಬಾಗಿಲು ತೆಗೆಯುವುದಿಲ್ಲ.

ಒಂದೇ ಪ್ರಶ್ನೆ. ಸುಳ್ಳು ಬರೆಯಬೇಡಿ. ಕಾನ್ವಾಯ್ ಹತ್ತು ದಿನ ನಿಂತಿತ್ತು ಅಂದಿರಿ. ನಿಮ್ಮ ಜೊತೆ ಆ ಮನೆಗೆ ಇನ್ನು ಯಾರು ಹೋಗಿದ್ದರು? ಅವರಿಗೆ ಮದುವೆಯಾಗಿದೆಯಾ?

ಭಾಗ್ಯಲಕ್ಷ್ಮಿ

*

ಮಿಲಿಟರಿ ಆಸ್ಪತ್ರೆ, ಪುಣೆ
2-3-1998

ಭಾಗ್ಯ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಏನು ಬರೆದರೂ ನಾಲಾಯಕ್ಕು ಅನ್ನಿಸುತ್ತದೆ. ಮಗುವಿನ ರಕ್ತ ಸರಿಯಿದೆ ಎನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ನಿನ್ನದನ್ನು ಓದಿದಾಗ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕ್ಷಮಿಸು ಎಂದು ಕೇಳುವುದಿಲ್ಲ, ನೀನು ಕ್ಷಮಿಸುವುದಿಲ್ಲ ಅಂತ ಗೊತ್ತು.

ನನ್ನ ಮದ್ದು ಹೊಸದಾಗಿ ಶುರುವಾಗಿದೆ. ಒಂದು ಮಾತ್ರೆಗೆ ಹುಳ ಬಗ್ಗುತ್ತಿಲ್ಲ, ಉಳಿದವಕ್ಕೆ ಬಗ್ಗುತ್ತಿದೆ. ತೂಕ ಐವತ್ತು. ಅಮ್ಮನ ಕುರಿಮಂದೆ ಮಾತನ್ನು ಮೇಡಂ ಈ ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. "ಆ ತಾಯಿ ಮದ್ದು ಹಂಚಿದ್ದು ತಪ್ಪು. ಮನೆಯವರನ್ನೆಲ್ಲ ನೋಡಬೇಕು ಅಂದದ್ದು ತಪ್ಪಲ್ಲ. ನಾವು ನೋಡುತ್ತಿದ್ದದ್ದು ಬರೀ ಸಿಪಾಯಿಯನ್ನು" ಎಂದರು. ಈಗ ನಮ್ಮ ವಾರ್ಡಿನ ಮೂವತ್ತೊಂದು ಜನರಿಗೂ ಒಂದು ಫಾರಂ ಕೊಟ್ಟಿದ್ದಾರೆ. ಮನೆಯಲ್ಲಿ ಯಾರ್ಯಾರು, ಎಲ್ಲಿ, ಯಾವ ಆಸ್ಪತ್ರೆ ಹತ್ತಿರ. ಒಬ್ಬೊಬ್ಬರಿಗೂ ಚೀಟಿ ಹೋಗುತ್ತದೆ. ನಾನು ನಿನಗೆ ಬರೆದ ಸುಳ್ಳು ಆರ್ಡರ್ ನಮ್ಮ ವಾರ್ಡಿನ ಮಟ್ಟಿಗೆ ನಿಜವಾಗಿದೆ.

ಆದರೆ ನೀನು ಕೇಳಿದವನು ಈ ವಾರ್ಡಿನಲ್ಲಿಲ್ಲ. ಯೂನಿಟ್ಟಿನಲ್ಲಿದ್ದಾನೆ. ಅಶ್ವತ್ಥ್. ನಮ್ಮ ಭಾಷೆಯವನೇ, ಓಮಲೂರು ಹತ್ತಿರ ಕಡಯಂಪಟ್ಟಿ. ಎರಡು ಸಲವೂ ನನ್ನ ಜೊತೆಗಿದ್ದ. ಕಳೆದ ವರ್ಷ ಮದುವೆಯಾಯಿತು. ಹೆಂಡತಿಯ ಹೆಸರು ಅರ್ಚನಾ, ಈಗ ಬಸುರಿ ಎಂದು ಬರೆದಿದ್ದಾನೆ. ಅವನಿಗೆ ಎರಡು ಕಾಗದ ಹಾಕಿದೆ, ರಕ್ತ ತೋರಿಸು ಅಂತ. "ನಿನಗೆ ಬಂತು ಅಂತ ನನಗೂ ಬರಬೇಕಾ? ಬಾಯಿ ಮುಚ್ಚು" ಎಂದು ಉತ್ತರ ಕೊಟ್ಟ. ಮೇಡಂಗೆ ಹೆಸರು ಹೇಳಿದ್ದೇನೆ. ಯೂನಿಟ್ ಡಾಕ್ಟರಿಗೆ ಬರೆಯುತ್ತಾರೆ, ಆದರೆ ಅದೆಲ್ಲ ನಿಧಾನ. ಅವನಿಗೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಇದೆ ಎಂದು ನೀನು ಯಾರ ಹತ್ತಿರವೂ ಆಡಬೇಡ.

ಕೇಳಿದ್ದಕ್ಕೆ ಹೇಳಿದ್ದೇನೆ. ಸುಳ್ಳಿಲ್ಲ.

ಗೋವಿಂದರಾಜ್

*

ಬಂಡೆಹಟ್ಟಿ
19-3-1998

ಯಜಮಾನರಿಗೆ,

ನಾಲ್ಕು ದಿನದ ಹಿಂದೆ ಕಡಯಂಪಟ್ಟಿಗೆ ಹೋದೆ, ಮನೆಗೆ ಬಂದದ್ದು ನಿನ್ನೆ ರಾತ್ರಿ. ಮೊದಲು ಅರ್ಚನಾಗೆ ಕಾಗದ ಬರೆಯೋಣ ಅಂದುಕೊಂಡೆ. ಅವಳಿಗೆ ಓದಲು ಬರುವುದು ತಮಿಳು ಅಕ್ಷರವೇ ಇರಬೇಕು, ನಾನು ಯಾರ ಕೈಯಲ್ಲಿ ಬರೆಸಲಿ? ಬರೆಸಿದರೂ ಅಲ್ಲಿ ಯಾರು ಬಿಡಿಸಿ ಓದುತ್ತಾರೋ. ಅದಕ್ಕೇ ರಾಧಾಳನ್ನು ಅತ್ತೆಯ ಹತ್ತಿರ ಬಿಟ್ಟು ಬಸ್ಸು ಹತ್ತಿದೆ. ರಾಧಾ ಮಾತ್ರೆ ನುಂಗುವುದಕ್ಕೆ ನಿಮ್ಮಷ್ಟು ರಂಪ ಮಾಡುವುದಿಲ್ಲ. ಅತ್ತೆ ಎದುರು ಕೂತು ನುಂಗಿಸಿ, ಬಾಯಿ ತೆಗೆಸಿ ನೋಡುತ್ತಾರೆ.

ಬಸ್ಸಿನಲ್ಲಿ ಎರಡು ಗಂಟೆ ಒಂದೇ ಯೋಚನೆ. ಯಾರ ಮನೆಗೋ ಹೋಗಿ ಏನು ಅಂತ ಶುರು ಮಾಡಲಿ? ಓಮಲೂರಿನಲ್ಲಿ ಇಳಿದು ವಾಪಸ್ಸು ಹೋಗುವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ಕಂಡಕ್ಟರು "ಏರುಂಗಮ್ಮಾ, ಇಲ್ಲೈನಾ ಇರಂಗುಂಗ" ಅಂದ, ಹತ್ತುವುದಿದ್ದರೆ ಹತ್ತು ಇಲ್ಲವೇ ಇಳಿ ಅಂತ ರೇಗಿದ. ಇಳಿದೆ.

ಕಡಯಂಪಟ್ಟಿಯಲ್ಲಿ ಕೇಳಿಕೊಂಡು ಹೋದೆ, ಮನೆ ಸಿಕ್ಕಿತು. ಅವಳೊಬ್ಬಳೇ ಇದ್ದಳು, ಅವಳ ಅತ್ತೆ ಹೊಲಕ್ಕೆ ಹೋಗಿದ್ದರು. ಇನ್ನೂ ಹುಡುಗಿ, ಇಪ್ಪತ್ತು ತುಂಬಿರಲಿಕ್ಕಿಲ್ಲ. ಆರು ತಿಂಗಳ ಬಸುರಿ. ನಿಮ್ಮ ಯಜಮಾನರ ಜೊತೆಯವನ ಹೆಂಡತಿ ಅಂದ ಕೂಡಲೇ "ವಾಂಗಕ್ಕಾ" ಅಂತ ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ಗಂಡನ ಫೋಟೋ ತೋರಿಸಿದಳು. ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ.

ರೋಗದ ಮಾತಿನಲ್ಲಿ ಅಶ್ವತ್ಥ್ ಹೆಸರು ನಾನು ಎತ್ತಲಿಲ್ಲ. ಕಾನ್ವಾಯ್ ವಿಷಯ ಎತ್ತಲಿಲ್ಲ. ನನ್ನದನ್ನು ಹೇಳಿದೆ. ನನಗೆ ಗಂಡನಿಂದ ಈ ರೋಗ ಬಂದಿದೆ, ಅವರು ಹೇಳಲು ನಾಲ್ಕು ತಿಂಗಳು ಹೆದರಿದರು, ನಾನು ಆಸ್ಪತ್ರೆಗೆ ಹೋಗಲು ಮೂರು ತಿಂಗಳು ಹೆದರಿದೆ, ಅಷ್ಟರಲ್ಲಿ ಮಗುವಿನ ಕತ್ತಿನಲ್ಲಿ ಗಂಟು ಮೂರಾಯಿತು ಅಂದೆ. ಮಿಲಿಟರಿಯವರ ಹೆಂಡತಿಯರನ್ನು ಬೆಂಗಳೂರಿನಲ್ಲಿ ನೋಡುತ್ತಾರೆ, ಬಸುರಿಯರು ಮೊದಲೇ ತೋರಿಸಿಕೊಂಡರೆ ಕೂಸಿಗೆ ಏನು ಮಾಡಬಹುದೋ ಯೋಚಿಸುತ್ತಾರೆ ಅಂದೆ. ಫ್ಯಾಮಿಲಿ ಕಾರ್ಡ್ ಇದ್ದರೆ ಸಾಕು ಅಂದೆ. ನಾನು ಇಷ್ಟನ್ನೂ ಹೇಳುವಾಗ ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ನೀನು ಯಾಕೆ ಇಷ್ಟು ದೂರ ಬಂದು ನನಗೆ ಇದನ್ನು ಹೇಳುತ್ತಿದ್ದೀಯ ಅಂತ ಕೇಳಲೇ ಇಲ್ಲ.

ಬೈದು ಆಚೆಗೆ ಕಳಿಸುತ್ತಾಳೆ ಅಂತ ನಾನು ಎದ್ದು ನಿಂತೆ. ಅವಳೂ ಎದ್ದಳು. ಒಳಗೆ ಹೋಗಿ ಪೆಟ್ಟಿಗೆ ತೆಗೆದು ಫ್ಯಾಮಿಲಿ ಕಾರ್ಡ್ ತಂದು ನನ್ನ ಕೈಗೆ ಕೊಟ್ಟಳು. ಸೀರೆ ಬದಲಾಯಿಸಿ, ಜಡೆ ಹಾಕಿಕೊಳ್ಳದೆ ಕೂದಲನ್ನು ಹಾಗೇ ಗಂಟು ಕಟ್ಟಿ ಬಂದಳು. ಬೀಗ ಹಾಕಲು ಅವಳಿಂದ ಆಗಲಿಲ್ಲ, ನಾನೇ ಹಾಕಿದೆ.

ಬೀದಿಗೆ ಬಂದ ಮೇಲೆ ಅವಳು ಆಡಿದ್ದು ಒಂದೇ ಮಾತು.

"ಅಕ್ಕಾ, ನಮ್ಮತ್ತೆ ಒಲದಿಂದ ಬರೋದ್ರೊಳಗೆ ಬೆಂಗ್ಳೂರ್ ಬಸ್ಸು ಐತಾ?"